ಅಜ್ಜನ ಕಾಲದ ಕತ್ತಿಗೆ ತುಕ್ಕು ಹಿಡಿದಿದೆ. ಗುಜರಿಗೆ ಕೊಡಲಾ, ಪಾಲಿಶ್ ಮಾಡಿಸಿ ಗೋಡೆಗೆ ಹಾಕಲಾ?

ಎರಡೂ ಬೇಡ. ದಯವಿಟ್ಟು ಪಾಲಿಶ್ ಅಂತೂ ಮಾಡಿಸಬೇಡಿ. ಯಾಕೆ ಅಂತ ಹೇಳ್ತೇನೆ.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ನಮ್ಮಲ್ಲೂ ಅಜ್ಜನ ಕತ್ತಿ ಇದೆ. ಕೊಡಗಿನವರು ಮದುವೆಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಯ ಹಾಗೆ ಬೆಳ್ಳಿ ಗಿಳ್ಳಿ ಏನೂ ಇಲ್ಲ. ತುದಿ ಸ್ವಲ್ಪ ಒಳಕ್ಕೆ ಬಾಗಿದ ತೋಟದ ಕತ್ತಿ, ಅಷ್ಟೇ. ಬೆಳಿಗ್ಗೆ ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನ ಹಿಂದಿನ ಮರದ ಕೊಕ್ಕೆಗೆ ಅದನ್ನು ಸಿಕ್ಕಿಸಿಕೊಂಡು ಅಜ್ಜ ಹೊರಟರೆ ಮಧ್ಯಾಹ್ನದವರೆಗೆ ಬೇರೆ ಆಯುಧ ಬೇಕಿರಲಿಲ್ಲವಂತೆ. ಸೊಪ್ಪು ಕಡಿಯುವುದು, ಬಿದ್ದ ಸೋಗೆಯಿಂದ ಹಾಳೆ ಬಿಡಿಸುವುದು, ಬಾಳೆಗೊನೆ ಕಡಿಯುವುದು, ಬೇಲಿಗೆ ಗೂಟ ಕೆತ್ತುವುದು, ಬಾಯಾರಿದರೆ ಬೊಂಡ ಕೆತ್ತುವುದು, ಎಲ್ಲ ಅದರಲ್ಲೇ. ಸಂಜೆ ಹಲಸಿನಕಾಯಿ ಸೀಳಲು ಅದೇ ಕತ್ತಿ ಹಿತ್ತಲಿನ ಜಗಲಿಗೆ ಬರುತ್ತಿತ್ತು. ಅಲ್ಲಿಂದ ಒಳಗೆ ಅಜ್ಜಿಯ ಮೆಟ್ಟುಕತ್ತಿಯ, ಅಂದರೆ ಈಳಿಗೆಮಣೆಯ, ಕಾರುಬಾರು.

ಅಲಗಿನ ಬುಡದಲ್ಲಿ ಚುಕ್ಕಿ ಚುಕ್ಕಿಯಾಗಿ ಒಂದು 'ಶ' ಇದೆ. ಅಜ್ಜನ ಹೆಸರಿನ ಮೊದಲ ಅಕ್ಷರ. ಹತ್ತು ಜನ ಕೆಲಸಕ್ಕೆ ಸೇರಿದಾಗ ಕತ್ತಿ ಅದಲು ಬದಲಾಗಬಾರದು ಅಂತ ಕಬ್ಬಿಣದ ಕೆಲಸದ ಆಚಾರಿ ಉಳಿಯಿಂದ ಕುಟ್ಟಿ ಬರೆದದ್ದು. ಆಗ ನಮ್ಮೂರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರಲ್ಲಿ ಕೇರಳಕ್ಕೆ ಸೇರಿತು. ಈಗ ಜಾಗದ ಕಾಗದ ಮಲಯಾಳದಲ್ಲಿ ಬಂದರೆ ಓದಿ ಹೇಳಲು ಅಪ್ಪ ನನ್ನನ್ನು ಕರೆಯುತ್ತಾರೆ. ಈ ಚುಕ್ಕಿಗಳನ್ನು ಮಾತ್ರ ಅವರು ಕತ್ತಲಲ್ಲೂ ಬೆರಳಾಡಿಸಿ ಗುರುತು ಹಿಡಿಯುತ್ತಾರೆ.

ಅಜ್ಜನನ್ನು ನಾನು ನೋಡಿಲ್ಲ. ನಾನು ಹುಟ್ಟುವ ಮೊದಲೇ ಹೋದರು. ಆ ಕತ್ತಿಯ ಬೀಟೆ ಮರದ ಹಿಡಿಯಲ್ಲಿ ಒಂದು ಕಡೆ ಹೆಬ್ಬೆರಳಿನ ಅಗಲಕ್ಕೆ ತಗ್ಗು ಬಿದ್ದಿದೆ. ಎಷ್ಟು ಸಲ ಹಿಡಿದರೂ ಅದು ನನ್ನ ಹೆಬ್ಬೆರಳಿಗೆ ಸಿಗುತ್ತಿರಲಿಲ್ಲ. ಒಮ್ಮೆ ಸುಮ್ನೆ ಎಡಗೈಗೆ ಬದಲಿಸಿದೆ. ಬೆರಳು ಸೀದಾ ಹೋಗಿ ತಗ್ಗಿನಲ್ಲಿ ಕೂತಿತು. ಅಪ್ಪನನ್ನು ಕೇಳಿದರೆ, "ಹೌದಲ್ಲ, ಊಟ ಮಾತ್ರ ಬಲಗೈಯಲ್ಲಿ, ಕತ್ತಿ ಎಡಗೈಯಲ್ಲೇ" ಅಂದರು. ಅಜ್ಜ ಎಡಚರು ಅಂತ ಅಷ್ಟು ವರ್ಷ ಯಾರೂ ನನಗೆ ಹೇಳಿರಲಿಲ್ಲ. ಮನೆಯಲ್ಲಿ ಅವರದ್ದು ಅಂತ ಒಂದು ಫೋಟೋ ಇದೆ, ಎರಡು ಕೈಯನ್ನೂ ಮಡಿಲಲ್ಲಿಟ್ಟು ಕೂತದ್ದು. ಅದನ್ನು ನೋಡಿದರೆ ಇದು ಗೊತ್ತಾಗುತ್ತಾ? ಪಾಲಿಶ್ ಮಾಡುವವರು ಮೊದಲು ಉಜ್ಜಿ ತೆಗೆಯುವುದೇ ಇಂಥ ತಗ್ಗನ್ನು.

ನನ್ನಿಂದಲೂ ಒಂದು ತಪ್ಪಾಗಿದೆ. ಅವಸರಕ್ಕೆ ಅದನ್ನು ಪೇಟೆಯ ಒಂದು ಅಂಗಡಿಯಲ್ಲಿ ಗ್ರೈಂಡರ್‌ಗೆ ಕೊಡಿಸಿದೆ. ಕಿಡಿ ಹಾರಿತು, ಬಾಯಿ ಫಳಫಳ ಅಂತಿತ್ತು, ಅಂಚಿನಲ್ಲಿ ಮಾತ್ರ ನೀಲಿ ಗೆರೆ. ಎರಡು ಬಾಳೆಗೊನೆ ಕಡಿಯುವಷ್ಟರಲ್ಲಿ ಮೊಂಡು. ಉಕ್ಕು ಸುಮಾರು 300 ಡಿಗ್ರಿಗೆ ಕಾದರೆ ಹಾಗೆ ನೀಲಿಯಾಗುತ್ತದೆ. ಅಷ್ಟು ಬಿಸಿಯಾದರೆ ಕತ್ತಿಯ ಹದ ಹೋಯಿತು ಅಂತಲೇ ಲೆಕ್ಕ.

ಕುಲುಮೆ ಉಳಿಸಿಕೊಂಡಿರುವ ವಯಸ್ಸಾದ ಆಚಾರಿಯೊಬ್ಬರನ್ನು ಹುಡುಕಿಕೊಂಡು ಹೋದೆ. ಅವರು ಮೊದಲು ಹಿಡಿ ಬಿಚ್ಚಿದರು. "ಇದು ಸವೆದಿದೆ, ಹೊಸತು ಹಾಕುವ" ಅಂದರು. "ಬೇಡ ಆಚಾರ್ರೇ, ಇದೇ ಬೇಕು" ಅಂದೆ. ಒಮ್ಮೆ ನನ್ನ ಮುಖ ನೋಡಿ ಹಿಡಿಯನ್ನು ಬದಿಗಿಟ್ಟರು. ಅಲಗು ಕೆಂಪಗೆ ಕಾದ ಮೇಲೆ ಬಾಯಿಯನ್ನಷ್ಟೇ ನೀರಿಗೆ ಅದ್ದಿದರು. ತೆಗೆದು ಕಲ್ಲಿಗೆ ಉಜ್ಜಿ, ಬೆನ್ನಿನ ಬಿಸಿ ನಿಧಾನ ಬಾಯಿಗೆ ಇಳಿಯುವುದನ್ನೇ ನೋಡುತ್ತಾ ಕೂತರು. ಅಂಚಿಗೆ ಒಣಹುಲ್ಲಿನ ಬಣ್ಣ ಬಂದ ಕ್ಷಣ ಮತ್ತೆ ನೀರು. ನೀಲಿ ಬರಲು ಬಿಡಲಿಲ್ಲ. ಕೊನೆಗೆ ಅರಗು ತುಂಬಿಸಿ ಅದೇ ಹಿಡಿ ಕೂರಿಸಿಕೊಟ್ಟರು.

ಈಗ ನಿಮ್ಮ ಕತ್ತಿಯ ವಿಷಯ. ಕೆಂಪು ತುಕ್ಕು ಎದ್ದಿದ್ದರೆ ಅಲಗಿಗೆ ತೆಂಗಿನೆಣ್ಣೆ ಹಚ್ಚಿ ಒಂದೆರಡು ದಿನ ಬಿಡಿ, ಆಮೇಲೆ ತೆಂಗಿನ ನಾರಿನಲ್ಲಿ ಉಜ್ಜಿ. ಆದಷ್ಟು ಹೋಗುತ್ತದೆ. ಅದರಡಿಯ ಕಪ್ಪು ಬಣ್ಣವನ್ನು ಕೆರೆಯಬೇಡಿ. ಬಾಳೆಕಾಯಿ, ಮಾವಿನಕಾಯಿಯ ಒಗರು ತಾಗಿ ತಾಗಿ ಕಬ್ಬಿಣಕ್ಕೆ ಆ ಕಪ್ಪು ಕೂರುತ್ತದೆ, ಅದರಿಂದ ತೊಂದರೆ ಇಲ್ಲ. ಬಾಯಿ ಮೊಂಡಾಗಿದ್ದರೆ ಮಸೆಕಲ್ಲಿಗೆ ನೀರು ಹಾಕಿ ಕೈಯಲ್ಲೇ ಮಸೆಯಿರಿ. ನಿಧಾನ ಆಗುತ್ತದೆ, ಆದರೆ ಅಲಗು ಸುಡುವುದಿಲ್ಲ. ಹಿಡಿ ಅಲ್ಲಾಡುತ್ತಿದ್ದರೆ ಮಾತ್ರ ಆಚಾರಿಯ ಹತ್ತಿರ ಹೋಗಿ. ಹಿಡಿಯನ್ನು ಎಸೆಯಬೇಡಿ ಅಂತ ಅವರಿಗೆ ಮೊದಲೇ ಹೇಳಿ, ಯಾಕಂದರೆ ಅದು ಅವರಿಗೆ ಹಳೇ ಮರದ ತುಂಡು ಅಷ್ಟೇ, ಅಲ್ವಾ? ಮಳೆಗಾಲದಲ್ಲಿ ಒರೆಸಿ, ಎಣ್ಣೆ ಸವರಿ ಇಡಿ. ಉಳಿದಂತೆ ವಾರಕ್ಕೊಮ್ಮೆಯಾದರೂ ಒಂದು ತೆಂಗಿನಕಾಯಿಗೋ ಬಾಳೆಲೆಗೋ ಅದನ್ನೇ ತೆಗೆದುಕೊಳ್ಳಿ.

ಮಸೆಯಲು ಕೂರುವ ಮೊದಲು ಒಮ್ಮೆ ಎರಡೂ ಕೈಯಲ್ಲಿ ಹಿಡಿದು ನೋಡಿ.