ಹಲ್ಲು ಕಿತ್ತರೂ ಕೆನ್ನೆ ನೋವು ಹೋಗಲಿಲ್ಲ, ಯಾಕೆ?

ಪ್ರಶ್ನೆ: ನನಗೆ 46 ವರ್ಷ. ಎಂಟು ತಿಂಗಳಿಂದ ಎಡಗೆನ್ನೆ, ದವಡೆ ಒಂದೇ ಸಮ ನೋಯುತ್ತಿದೆ. ಹಲ್ಲಿನದೇ ಇರಬೇಕು ಅಂತ ರೂಟ್ ಕೆನಾಲ್ ಆಯಿತು, ಆಮೇಲೆ ಎರಡು ಹಲ್ಲು ಕೀಳಿಸಿದ್ದೂ ಆಯಿತು. ಎಂಆರ್‌ಐ ನಾರ್ಮಲ್. ಮನೆಯಲ್ಲಿ 'ಎಲ್ಲಾ ನಿನ್ನ ಮನಸ್ಸಿನದ್ದು' ಅನ್ನುತ್ತಾರೆ. ನಿಜವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ. ನಿಮ್ಮ ನೋವು ನಿಜವಾದದ್ದೇ. ಇದು 'ಪರ್ಸಿಸ್ಟೆಂಟ್ ಇಡಿಯೋಪಥಿಕ್ ಫೇಶಿಯಲ್ ಪೇನ್', ಅಂದರೆ ಕಾರಣ ಸಿಗದೆ ಬಿಡದೆ ಕಾಡುವ ಮುಖದ ನೋವು ಇರಬಹುದು. ಎಂಆರ್‌ಐಯಲ್ಲಿ ಗಡ್ಡೆ ಕಾಣಬಹುದು, ನರದ ಮೇಲೆ ರಕ್ತನಾಳ ಒತ್ತುತ್ತಿದ್ದರೆ ಅದೂ ಕಾಣಬಹುದು, ಆದರೆ ನೋವು ಕಾಣುವುದಿಲ್ಲ. ಮನೆಯವರಿಗೆ ಇಷ್ಟು ಹೇಳಿ.

ನಿಮ್ಮೂರಲ್ಲಿ ಮಂಡಕ್ಕಿ ಮಿರ್ಚಿ ತಿಂದಾಗ ಬಾಯಿ ಉರಿಯುತ್ತದೆ, ಅಲ್ವಾ? ಒಳಗೇನೂ ಸುಟ್ಟಿರುವುದಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಬಿಸಿಯನ್ನು ಗುರುತಿಸುವ ನರದ ತುದಿಗಳನ್ನೇ ಕೆಣಕುತ್ತದೆ, ಮಿದುಳು ಅದನ್ನು ಉರಿ ಅಂತಲೇ ತಿಳಿಯುತ್ತದೆ. ಇದರ ಗುಟ್ಟು ಬಿಡಿಸಿದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಗಾಯವಿಲ್ಲದೆಯೂ ನೋವು ಹುಟ್ಟುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಮುಖದ ನೋವಿನ ಸುದ್ದಿ ಒಯ್ಯುವುದು ಟ್ರೈಜೆಮಿನಲ್ ನರ. ಹಣೆಗೊಂದು, ಕೆನ್ನೆಗೊಂದು, ಕೆಳದವಡೆಗೊಂದು ಕವಲು. ಸುದ್ದಿ ಮೊದಲು ಮಿದುಳಿನ ಬುಡಕ್ಕೆ ಹೋಗುತ್ತದೆ, ಅಲ್ಲಿಂದ ಥಾಲಮಸ್‌ಗೆ, ಆಮೇಲೆ ಮಿದುಳಿನ ಹಲವು ಭಾಗಗಳಿಗೆ: ಒಂದು ಭಾಗ ಎಲ್ಲಿ ನೋಯುತ್ತಿದೆ ಅಂತ ನೋಡಿದರೆ, ಇನ್ನೊಂದು ಎಷ್ಟು ಕಾಡುತ್ತಿದೆ ಅಂತ ತೂಗುತ್ತದೆ, ಭಯ ಮತ್ತು ನೆನಪಿನ ಭಾಗಗಳೂ ಇದರಲ್ಲಿ ಕೈಹಾಕುತ್ತವೆ. ಇಷ್ಟೇ ಅಲ್ಲ, ಮಿದುಳು ಮೇಲಿನಿಂದ ಕೆಳಕ್ಕೆ 'ಸಾಕು, ತಗ್ಗಿಸು' ಅಂತ ತಡೆಯನ್ನೂ ಹಾಕುತ್ತದೆ. ನಿಮ್ಮಂಥ ನೋವಿನಲ್ಲಿ ನರಕೋಶಗಳು ಅತಿ ಸೂಕ್ಷ್ಮವಾಗಿರುತ್ತವೆ, ಆ ತಡೆಯೂ ಸಡಿಲವಾಗಿರುತ್ತದೆ ಅಂತ ತಜ್ಞರು ಭಾವಿಸುತ್ತಾರೆ. ಚಿಂತೆ, ನಿದ್ದೆಗೇಡು ಇದನ್ನು ಜಾಸ್ತಿ ಮಾಡುತ್ತವೆ, ಹಾಗಂತ ಅವೇ ಮೂಲ ಅನ್ನುವುದು ತಪ್ಪು.

ತೊಂದರೆ ಹಲ್ಲಿನಲ್ಲಿ ಇಲ್ಲದಿದ್ದರೆ ಹಲ್ಲು ಕಿತ್ತು ಏನು ಪ್ರಯೋಜನ? ಕೀಳುವಾಗ ನರದ ತುದಿಗೆ ಪೆಟ್ಟು ಬಿದ್ದು ನೋವು ಹೆಚ್ಚಾಗುವುದೂ ಉಂಟು. ದಯವಿಟ್ಟು ಇನ್ನೊಂದು ಹಲ್ಲು ಕೀಳಿಸಬೇಡಿ.

ದಿನಕ್ಕೆ 2 ಗಂಟೆಗಿಂತ ಹೆಚ್ಚು, 3 ತಿಂಗಳು ಮೀರಿ ನೋವಿದ್ದು, ಪರೀಕ್ಷೆಯಲ್ಲಿ ಬೇರೆ ಕಾರಣ ಸಿಗದಿದ್ದರೆ ವೈದ್ಯರು ಈ ಕಾಯಿಲೆಯನ್ನು ಯೋಚಿಸುತ್ತಾರೆ. ನರರೋಗ ತಜ್ಞರನ್ನು ನೋಡಿ. ಅವರು ಅಮಿಟ್ರಿಪ್ಟಿಲಿನ್ ಬರೆದರೆ 'ಡಿಪ್ರೆಶನ್ ಮಾತ್ರೆ ಕೊಟ್ಟರು' ಅಂತ ಬೇಜಾರಾಗಬೇಡಿ. ಸಣ್ಣ ಡೋಸ್‌ನಲ್ಲಿ ಅದು ನೋವಿನ ತಡೆಯನ್ನು ಬಿಗಿ ಮಾಡುತ್ತದೆ. ಫಲ ಕಾಣಲು ವಾರಗಳು ಬೇಕು, ಬಾಯಿ ಒಣಗಬಹುದು, ಮಂಪರು ಬರಬಹುದು. ಹೃದಯದ ತೊಂದರೆಯೋ ಗ್ಲಾಕೋಮಾವೋ (ಕಣ್ಣಿನ ನರ ಹಾಳುಮಾಡುವ ಕಾಯಿಲೆ) ಇದ್ದರೆ ಮೊದಲೇ ಹೇಳಿ. ಮುಖ ಮರಗಟ್ಟಿದರೆ, ಊದಿಕೊಂಡರೆ, ಕಣ್ಣು ಮಂಜಾದರೆ ತಡಮಾಡದೆ ತೋರಿಸಿ.

ಪ್ರಶ್ನೆ: ಹಲ್ಲುಜ್ಜುವಾಗ, ತಣ್ಣನೆ ಗಾಳಿ ತಾಗಿದಾಗ ಬಲಗೆನ್ನೆಗೆ ಕರೆಂಟ್ ಹೊಡೆದಂತೆ ನೋವು, ಕ್ಷಣದಲ್ಲೇ ಮಾಯ. ನನಗೂ ಇದೇನಾ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಬಹುಶಃ ಅಲ್ಲ. ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಮೇಲೆ ಹೇಳಿದ ಮುಖದ ನರದ್ದೇ ನೋವು ಇರಬಹುದು. ಬಹಳ ಜನರಲ್ಲಿ ರಕ್ತನಾಳವೊಂದು ನರವನ್ನು ಒತ್ತುತ್ತಿರುತ್ತದೆ, ಹಾಗಾಗಿ ಎಂಆರ್‌ಐ ಬೇಕಾಗುತ್ತದೆ. ಕಾರ್ಬಮಜೆಪಿನ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಸ್ವಂತವಾಗಿ ಕೊಂಡು ನುಂಗುವ ಮಾತ್ರೆ ಅದಲ್ಲ. ಶುರು ಮಾಡಿದ ಮೇಲೆ ಮೈಮೇಲೆ ದದ್ದು ಎದ್ದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ.