ಲೆಕ್ಕ ಕೇಳಿದರೆ ಸೈನ್ಯಕ್ಕೆ ಅವಮಾನವೇ?

ಬೀದರ್ ಪಕ್ಕದ ಹಳ್ಳಿಯ ನಿವೃತ್ತ ಮಾಸ್ತರರೊಬ್ಬರು ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ಮಾತು ಇಷ್ಟು: "ನಮ್ಮ ಎಂಪಿ ರೈಲು ತರಲಿ, ರಸ್ತೆ ಮಾಡಸಲಿ. ಮಿಲಿಟರಿ ಮಾತು ಇವರಿಗ್ಯಾಕ ಬೇಕ್ರಿ? ವಿಮಾನ ಎಷ್ಟು, ಗುಂಡು ಎಷ್ಟು ಅಂತ ಸಂಸತ್ತಿನಾಗ ಕೇಳಿದ್ರ ವೈರಿಗೆ ಹೇಳಿಕೊಟ್ಟಂಗ ಆಗಲ್ಲೇನು?"

ಮಾಸ್ತರರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ದೇಶಭಕ್ತಿ ಯಾರದ್ದು ಜಾಸ್ತಿ ಅಂತ ಟಿವಿಯಲ್ಲಿ ಕಿರುಚಾಡುವುದನ್ನು ನೋಡಿ ನನಗೂ ಸಾಕಾಗಿದೆ. ಆದರೆ ಬೀದರ್ ವಾಯುನೆಲೆಯಿಂದ ಏಳುವ ಹಾಕ್ ವಿಮಾನಗಳ ಸದ್ದು ನಿಮ್ಮ ಅಂಗಳಕ್ಕೂ ಕೇಳುತ್ತದೆ, ಅಲ್ವಾ? ಅದರ ಕಥೆ ಸ್ವಲ್ಪ ನೋಡಿ. ಹೊಸ ಪೈಲಟ್‌ಗಳಿಗೆ ಇಂಥದೊಂದು ತರಬೇತಿ ಜೆಟ್ ಬೇಕು ಅಂತ ವಾಯುಪಡೆಯ ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. 66 ವಿಮಾನಗಳಿಗೆ ಒಪ್ಪಂದ ಆಗಿದ್ದು 2004ರಲ್ಲಿ. ಬೀದರ್‌ನಲ್ಲಿ ಅವು ವಾಯುಪಡೆಗೆ ಸೇರಿದ್ದು 2008ರಲ್ಲಿ. ಅಲ್ಲಿಯವರೆಗೆ ನಿಧಾನದ ವಿಮಾನದಲ್ಲಿ ಕಲಿತ ಹುಡುಗರು ಹೆಚ್ಚುಕಡಿಮೆ ನೇರವಾಗಿ ಅತಿ ವೇಗದ ಮಿಗ್-21 ಯುದ್ಧವಿಮಾನ ಏರಬೇಕಿತ್ತು. ಎಷ್ಟೋ ಮಂದಿ ಜೀವ ಕಳೆದುಕೊಂಡರು. ಯಾಕೆ ಇಷ್ಟು ತಡ ಅಂತ ಸಂಸತ್ತಿನ ರಕ್ಷಣಾ ಸಮಿತಿ ಮತ್ತೆ ಮತ್ತೆ ಕೇಳಿತ್ತು. ಕೇಳಿದ್ದರಿಂದಲೇ ವಿಮಾನ ಬಂತು ಅಂತ ನಾನು ಹೇಳುವುದಿಲ್ಲ. ಹಿಡಿದ ವರ್ಷ ಎಣಿಸಿದರೆ, ಇನ್ನೂ ಜೋರಾಗಿ ಕೇಳಬೇಕಿತ್ತು ಅನ್ನಿಸುತ್ತದೆ.

ಇನ್ನು ವೈರಿಯ ಮಾತು. ಈ ಸಮಿತಿಯಲ್ಲಿ 31 ಜನ: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಗಳಿಗೆ ಜಾಗವಿಲ್ಲ. ಸಭೆ ನಡೆಯುವುದು ಬಾಗಿಲು ಹಾಕಿಕೊಂಡು, ಕ್ಯಾಮೆರಾ ಇಲ್ಲದೆ. ಹೋದ ವರ್ಷ ಕೊಟ್ಟ ದುಡ್ಡು ಏನಾಯಿತು ಅಂತ ಅಧಿಕಾರಿಗಳನ್ನು ಕೂರಿಸಿಕೊಂಡು ಕೇಳುತ್ತಾರೆ. ದೇಶದ ಭದ್ರತೆಗೆ ಧಕ್ಕೆ ಅನ್ನಿಸಿದರೆ ಕಾಗದಪತ್ರ ಕೊಡುವುದಿಲ್ಲ ಅನ್ನಲು ಸರ್ಕಾರಕ್ಕೆ ನಿಯಮದಲ್ಲೇ ಅವಕಾಶವಿದೆ.

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2017ರ ವರದಿ ಮಾತ್ರ ಬಯಲಿಗೇ ಬಂತು. ಸೈನ್ಯದ 152 ಬಗೆಯ ಮದ್ದುಗುಂಡುಗಳಲ್ಲಿ 61 ಬಗೆ ಹತ್ತು ದಿನದ ಯುದ್ಧಕ್ಕೂ ಸಾಲವು ಅಂತ ಅದರಲ್ಲಿತ್ತು. ಇಷ್ಟು ಬಿಡಿಸಿ ಹೇಳಬೇಕಿತ್ತೇ ಅಂದರೆ, ಅನುಮಾನ ನನಗೂ ಇದೆ. ಆದರೆ ಗುಂಡು ಕಡಿಮೆಯಾಗಿದ್ದು ವರದಿಯಿಂದ ಅಲ್ಲವಲ್ಲ. ಇಂಥ ವರದಿಗಳನ್ನು ಜಾಲಾಡುವುದು ಸಂಸತ್ತಿನ ಇನ್ನೊಂದು ಸಮಿತಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿ. 1967ರಿಂದ ಅದರ ಅಧ್ಯಕ್ಷಗಿರಿ ವಿರೋಧ ಪಕ್ಷಕ್ಕೆ ಕೊಡುವುದು ರೂಢಿ. ಆ ಗುಂಡಿನ ವರದಿ ಬಂದಾಗ ಆ ಕುರ್ಚಿಯಲ್ಲಿದ್ದವರು ನಮ್ಮ ಕಲಬುರಗಿಯ ಆಗಿನ ಸಂಸದ ಮಲ್ಲಿಕಾರ್ಜುನ ಖರ್ಗೆ. ನಮ್ಮ ಕಡೆ ಎಷ್ಟು ಜನಕ್ಕೆ ಇದು ಗೊತ್ತಿತ್ತು? ನಾವು ಪತ್ರಿಕೆಯವರೂ ಸರಿಯಾಗಿ ಹೇಳಲಿಲ್ಲ, ಬಿಡಿ.

ನಿಮ್ಮೂರ ಜಾತ್ರೆಗೆ ಪಟ್ಟಿ ಎತ್ತುತ್ತೀರಿ. ತೇರು ಎಳೆದ ಮೇಲೆ ಹಿರಿಯರು ಕೂತು ಲೆಕ್ಕ ಕೇಳುತ್ತಾರೆ. ಹಾಗೆ ಕೇಳಿದವನಿಗೆ ದೇವರ ಮೇಲೆ ಭಕ್ತಿ ಇಲ್ಲ ಅಂತ ಯಾರಾದರೂ ಅಂದಾರೆಯೇ? ಹಗ್ಗ ಗಟ್ಟಿ ಇದೆಯಾ ಅಂತ ತೇರಿಗೆ ಮುಂಚೆಯೇ ನೋಡುವವನನ್ನಂತೂ ಊರು ಮೆಚ್ಚುತ್ತದೆ.

ನನ್ನ ತಕರಾರು ಬೇರೆ. ಕೇಳಬೇಕಾದ ಕಡೆ ಇನ್ನೂ ಕೇಳುವವರೇ ಇಲ್ಲ. ಬೇಹುಗಾರಿಕೆ ಸಂಸ್ಥೆಗಳಾದ ರಾ, ಐಬಿ ಮೇಲೆ ಕಣ್ಣಿಡಲು ಸಂಸತ್ತಿನ ಒಂದು ಸಮಿತಿಯೂ ಇಲ್ಲ. 2011ರಲ್ಲಿ ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಇದಕ್ಕೊಂದು ಖಾಸಗಿ ಮಸೂದೆ (ಸರ್ಕಾರದ್ದಲ್ಲ, ಸಂಸದರೇ ತರುವಂಥದ್ದು) ತಂದರು, ಅದು ಕಾನೂನು ಆಗಲಿಲ್ಲ.

ರೈಲು ಕೇಳಿ ಮಾಸ್ತರರೇ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ನೀವು ಯಾವ ಸಮಿತಿಯಲ್ಲಿದ್ದೀರಿ, ಎಷ್ಟು ಸಭೆಗೆ ಹೋಗಿದ್ದೀರಿ ಅಂತಲೂ ಎಂಪಿ ಸಾಹೇಬರನ್ನು ಕೇಳಿ. ಕಾಗದದ ಕೊನೆಗೆ ಬರೆದಿರುವ ಬಸ್ಸಿನ ಗೋಳನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ