ಬೆಂಗಳೂರಲ್ಲಿ ದಿನಾ ಓಡಿಸಲು ಹಳೇ ಪೋಲೋ ಜಿಟಿ ಟಿಎಸ್‌ಐ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ಇದು. ಮನೆ ವಿಜಯನಗರ, ಆಫೀಸ್ ಬೆಳ್ಳಂದೂರು, ವಾರಕ್ಕೆ ಮೂರು ದಿನ ಹೋಗಬೇಕು. 2015ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಒಂದನ್ನು ನೋಡಿಟ್ಟಿದ್ದೀರಿ, ಮಾರುತಿಯ ಬಲೆನೋ ಆರ್‌ಎಸ್ ಕೂಡ ಮನಸ್ಸಿನಲ್ಲಿದೆ. ಮನೆಯಲ್ಲಿ ಅಪ್ಪ ‘ಅದೇ ದುಡ್ಡಿಗೆ ಹೊಸ ಸಣ್ಣ ಕಾರೇ ಬರುತ್ತಲ್ಲ’ ಅನ್ನುತ್ತಿದ್ದಾರೆ. ತಗೊಂಡರೆ ದಿನಾ ಓಡಿಸೋಕೆ ಆಗುತ್ತಾ, ಇಲ್ಲ ಗ್ಯಾರೇಜಲ್ಲೇ ನಿಂತಿರುತ್ತಾ ಅಂತ ಕೇಳಿದ್ದೀರಿ.

ಆಗುತ್ತದೆ. ನಾನು ಅದೇ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡು ಕೆಲವು ವರ್ಷಗಳಿಂದ ಬನಶಂಕರಿ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಿಸುತ್ತಿದ್ದೇನೆ. ಆದರೆ ನಾನು ನೈಸ್ ರಸ್ತೆ ಹತ್ತಿ ಆ ಕಡೆ ಇಳಿಯುವವನು. ನಿಮ್ಮದು ಮಾಗಡಿ ರಸ್ತೆ, ರಿಚ್ಮಂಡ್ ರಸ್ತೆ, ಕೋರಮಂಗಲ, ಅಗರ, ಇಬ್ಬಲೂರು. ಕಾರಿನ ವರ್ಷ, ಬಣ್ಣ, ಓಡಿದ ಕಿಲೋಮೀಟರ್ ಎಲ್ಲಕ್ಕಿಂತ ಮೊದಲು ಈ ವ್ಯತ್ಯಾಸ ನೋಡಬೇಕು. ಯಾಕೆಂದರೆ ಈ ಊರಿನಲ್ಲಿ ಇಂಥ ಕಾರಿನ ಆಯಸ್ಸು ನಿಂತಿರುವುದು ಎಂಜಿನ್ ಮೇಲೆ ಅಲ್ಲ, ಕ್ಲಚ್ ಮೇಲೆ.

ಜಿಟಿ ಟಿಎಸ್‌ಐ 2013ರಲ್ಲಿ ಬಂತು. 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್ ಶಕ್ತಿ, 7 ಸ್ಪೀಡ್ ಡಿಎಸ್‌ಜಿ ಆಟೋಮ್ಯಾಟಿಕ್. ಈ ಗಿಯರ್‌ಬಾಕ್ಸ್‌ಗೆ ಡಿಕ್ಯೂ200 ಅಂತ ಹೆಸರು. ಒಳಗೆ ಎರಡು ಕ್ಲಚ್ ಇವೆ. ಒಂದು 1, 3, 5, 7ನೇ ಗಿಯರ್‌ಗೆ. ಇನ್ನೊಂದು 2, 4, 6 ಮತ್ತು ರಿವರ್ಸ್‌ಗೆ. ಎರಡೂ ಡ್ರೈ ಕ್ಲಚ್, ಅಂದರೆ ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಬಿಸಿಯಾದರೆ ತಣಿಸಲು ಗಾಳಿ ಬಿಟ್ಟು ಬೇರೇನೂ ಇಲ್ಲ. ನೀವು ಬ್ರೇಕ್ ಬಿಟ್ಟು ಕಾರು ತಾನೇ ಮೆಲ್ಲಗೆ ಮುಂದೆ ಹೋಗಲಿ ಅಂತ ಸುಮ್ನೆ ಕೂತಾಗ, ಮೊದಲ ಗಿಯರಿನ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತದೆ. ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಬೆಂಗಳೂರಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ ಬೇಕು. ಆ ವೇಗದಲ್ಲಿ ಗಿಯರ್‌ಬಾಕ್ಸ್ ಇಡೀ ದಾರಿ ಒಂದು, ಎರಡು, ಮತ್ತೆ ಒಂದು ಅಂತಲೇ ಕಳೆಯುತ್ತದೆ. ಈ ಡಬ್ಬಿಯ ಬಗ್ಗೆ ನೀವು ಓದಿರುವ ಹೆದರಿಕೆಯ ಕಥೆಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟುತ್ತವೆ. ಇನ್ನರ್ಧ ಮೆಕಾಟ್ರಾನಿಕ್ ಅನ್ನುವ ಭಾಗದಿಂದ. ಕ್ಲಚ್ ಮತ್ತು ಗಿಯರ್‌ಗಳನ್ನು ಎಣ್ಣೆಯ ಒತ್ತಡದಿಂದ ಓಡಿಸುವ ಯೂನಿಟ್ ಅದು. ಒತ್ತಡ ಸೋರಿದರೆ ಡ್ಯಾಶ್‌ಬೋರ್ಡಿನಲ್ಲಿ ಗಿಯರ್ ಗುರುತು ಮಿಣುಕುತ್ತದೆ, ಕೆಲವೊಮ್ಮೆ ಬೆಸ ಗಿಯರ್ ಇರುತ್ತವೆ, ಸಮ ಗಿಯರ್ ಇರುವುದಿಲ್ಲ, ರಿವರ್ಸ್ ಕೂಡ ಹೋಗುತ್ತದೆ. ಹೊಸದು ಹಾಕಿಸಿದರೆ ಬಿಲ್ ಲಕ್ಷ ದಾಟುತ್ತದೆ. ಬಿಚ್ಚಿ ರಿಪೇರಿ ಮಾಡಿಕೊಡುವ ಹೊರಗಿನ ಗ್ಯಾರೇಜ್‌ಗಳು ಈಗ ಊರಲ್ಲಿವೆ. ಅಲ್ಲಿ ಖರ್ಚು ಅದಕ್ಕಿಂತ ಎಷ್ಟೋ ಕಮ್ಮಿ.

ಹಾಗಂತ ಇದು ಕೆಟ್ಟ ಗಿಯರ್‌ಬಾಕ್ಸ್ ಅಲ್ಲ. ಅದಕ್ಕೆ ಬೇಕಾದ ಹಾಗೆ ಓಡಿಸಬೇಕು, ಅಷ್ಟೇ. ಮುಂದಿನ ಕಾರು ಎರಡು ಅಡಿ ಸರಿದ ತಕ್ಷಣ ನೀವೂ ಸರಿಯಬೇಡಿ. ಒಂದೂವರೆ ಕಾರಿನಷ್ಟು ಜಾಗ ಆಗಲಿ, ಆಮೇಲೆ ಸರಿಯಾಗಿ ಹೊರಡಿ, ಕ್ಲಚ್ ಪೂರ್ತಿ ಹಿಡಿಯಲಿ. ಆ ಜಾಗಕ್ಕೆ ಆಟೋದವರು ನುಗ್ಗುತ್ತಾರೆ, ನುಗ್ಗಲಿ ಬಿಡಿ. ನಿಂತಾಗ ಬ್ರೇಕ್ ಗಟ್ಟಿಯಾಗಿ ಒತ್ತಿ. ಗಟ್ಟಿಯಾಗಿ ಒತ್ತಿದರೆ ಕ್ಲಚ್ ಪೂರ್ತಿ ಬಿಡುತ್ತದೆ, ತೇಲಿಸಿ ಒತ್ತಿದರೆ ಜಾರುತ್ತಲೇ ಇರುತ್ತದೆ. ಫ್ಲೈಓವರ್ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳಬೇಡಿ. ಬ್ರೇಕ್ ಬಿಟ್ಟ ಮೇಲೂ ಕಾರು ಹಿಂದೆ ಜಾರದಂತೆ ಕ್ಷಣಕಾಲ ಹಿಡಿಯುವ ಹಿಲ್ ಹೋಲ್ಡ್ ಈ ಕಾರಲ್ಲಿದೆ, ಅದನ್ನು ನಂಬಿ. ಇಷ್ಟು ಅಭ್ಯಾಸ ಮಾಡಿಕೊಂಡವರ ಕ್ಲಚ್ ಬಹಳ ವರ್ಷ ಬಾಳಿದ್ದನ್ನು ನಾನು ನೋಡಿದ್ದೇನೆ.

ಆದರೂ ನಿಮ್ಮ ದಾರಿ ಕಷ್ಟದ ದಾರಿ. ಈಜಿಪುರ ಫ್ಲೈಓವರ್ ಕೆಲಸ ಶುರುವಾಗಿದ್ದು 2017ರಲ್ಲಿ, ಕೋರಮಂಗಲದ ಆ ಭಾಗ ಹೇಗಾಗಿದೆ ಅಂತ ನಿಮಗೇ ಗೊತ್ತು. ಅಲ್ಲಿಂದ ಆಚೆ ಹೊರ ವರ್ತುಲ ರಸ್ತೆಯ ಮೆಟ್ರೋ ಕೆಲಸ. ಬೆಳಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಮೂರಕ್ಕೆ ವಾಪಸ್ ಬರುವ ಅವಕಾಶ ಇದ್ದರೆ ಡಿಎಸ್‌ಜಿ ಧೈರ್ಯವಾಗಿ ತಗೊಳ್ಳಿ. ಒಂಬತ್ತು ಗಂಟೆಗೆ ಹೊರಟು ಸಂಜೆ ಆರಕ್ಕೆ ಇಬ್ಬಲೂರಿನಲ್ಲಿ ನಿಲ್ಲುವವರಾದರೆ ಮ್ಯಾನ್ಯುಯಲ್ ಕಡೆ ನೋಡಿ. ಮ್ಯಾನ್ಯುಯಲ್‌ನಲ್ಲೂ ಕ್ಲಚ್ ಸವೆಯುತ್ತದೆ ಅನ್ನಿ. ಆದರೆ ಅದನ್ನು ಯಾವ ಮೆಕ್ಯಾನಿಕ್ ಬೇಕಾದರೂ ಬದಲಾಯಿಸುತ್ತಾನೆ, ಬಿಲ್ ನೋಡಿ ಎದೆ ಒಡೆಯುವುದಿಲ್ಲ.

ಬಲೆನೋ ಆರ್‌ಎಸ್ ಇಲ್ಲಿ ಗೆಲ್ಲುತ್ತದೆ. 2017ರಿಂದ 2020ರ ಆರಂಭದವರೆಗೆ ಮಾರಿದರು. 1 ಲೀಟರ್, ಮೂರು ಸಿಲಿಂಡರ್ ಬೂಸ್ಟರ್‌ಜೆಟ್ ಟರ್ಬೊ, 102 ಪಿಎಸ್, 150 ಎನ್‌ಎಂ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ), 5 ಸ್ಪೀಡ್ ಮ್ಯಾನ್ಯುಯಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಎಂಜಿನ್ನಿಗೆ ಸಂಬಂಧಿಸಿದ ಕೆಲವು ಭಾಗಗಳಿಗೆ ಕಾಯಬೇಕಾಗಬಹುದು, ಉಳಿದದ್ದು ಮಾಮೂಲಿ ಬಲೆನೋ. ಬಾಡಿ ಪಾರ್ಟ್ಸ್ ಜೆ.ಸಿ. ರಸ್ತೆಯಲ್ಲಿ ಆರಾಮಾಗಿ ಸಿಗುತ್ತವೆ. ಆದರೆ ಪೋಲೋದ ಸ್ಟೀರಿಂಗ್ ಕೊಡುವ ಭರವಸೆ, ಬಾಗಿಲು ಹಾಕಿದಾಗ ಬರುವ ಸದ್ದು, ನೂರರ ವೇಗದಲ್ಲಿ ನೆಲ ಕಚ್ಚಿ ಹೋಗುವ ಗುಣ ಅದರಲ್ಲಿಲ್ಲ. ಇನ್ನೂ ಸ್ವಲ್ಪ ದುಡ್ಡು ಹೊಂದಿಸಲು ಆದರೆ 2020ರ ನಂತರದ ಪೋಲೋ 1.0 ಟಿಎಸ್‌ಐ ನೋಡಿ. 110 ಪಿಎಸ್, 6 ಸ್ಪೀಡ್ ಮ್ಯಾನ್ಯುಯಲ್ ಇದೆ. ಆಟೋಮ್ಯಾಟಿಕ್ ಕೂಡ ಟಾರ್ಕ್ ಕನ್ವರ್ಟರ್, ಅಂದರೆ ಡ್ರೈ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಬಗೆ, ಅದು ನಮ್ಮ ಟ್ರಾಫಿಕ್ಕಿಗೆ ಡಿಎಸ್‌ಜಿಗಿಂತ ಚೆನ್ನಾಗಿ ಒಗ್ಗುತ್ತದೆ. ಫಿಯೆಟ್‌ನ ಅಬಾರ್ತ್ ಪುಂಟೋ ಬಗ್ಗೆ ಯಾರಾದರೂ ಆಸೆ ಹುಟ್ಟಿಸಿದರೆ ಒಂದು ಮಾತು. 145 ಬಿಎಚ್‌ಪಿಯ ಅದ್ಭುತ ಕಾರು, ನನಗೆ ಬಹಳ ಇಷ್ಟ. ಆದರೆ ಫಿಯೆಟ್ ಇಲ್ಲಿ ಕಾರು ಮಾರುವುದು ನಿಲ್ಲಿಸಿ ವರ್ಷಗಳಾದವು. ಮನೆಯಲ್ಲಿ ಇನ್ನೊಂದು ಕಾರು ಇದ್ದವರಿಗೆ ಮಾತ್ರ ಅದು.

ಇಷ್ಟೆಲ್ಲ ತಾಪತ್ರಯ ಯಾಕೆ ಅಂತ ಅಪ್ಪ ಕೇಳಿದರೆ ಇದನ್ನು ಹೇಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಮಂಗಳೂರಿಗಿಂತ ಶೇ 10ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಮ್ಮಿ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಆ ನಷ್ಟದ ಬಹುಪಾಲನ್ನು ತುಂಬಿಕೊಳ್ಳುತ್ತದೆ. ಜೊತೆಗೆ ಪೋಲೋ ಜಿಟಿ ಟಿಎಸ್‌ಐ ಎಂಜಿನ್ನಿನ 175 ಎನ್‌ಎಂ ಟಾರ್ಕ್ 1,500 ಆರ್‌ಪಿಎಂನಲ್ಲೇ ಸಿಗುತ್ತದೆ. ಆ ಕಾಲದ ಸಾಮಾನ್ಯ 1.2 ಲೀಟರ್ ಕಾರುಗಳಲ್ಲಿ 115 ಎನ್‌ಎಂ ಆಸುಪಾಸು, ಅದೂ 4,000 ಆರ್‌ಪಿಎಂ ಮೇಲೆ. ನಾಲ್ಕು ಜನ ಕೂತು, ಎಸಿ ಹಾಕಿಕೊಂಡು, ಹೆಬ್ಬಾಳ ಫ್ಲೈಓವರ್ ಏರಿ ಬಲಕ್ಕೆ ಸೇರಿಕೊಳ್ಳುವಾಗ ಈ ವ್ಯತ್ಯಾಸ ಮೈಗೆ ತಿಳಿಯುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟ್‌ನಿಂದ ವಾಪಸ್ ಹತ್ತುವಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸುರಕ್ಷತೆ ಬಗ್ಗೆಯೂ ಅಪ್ಪನಿಗೆ ಉತ್ತರ ಇದೆ. 2014ರ ಗ್ಲೋಬಲ್ ಎನ್‌ಸಿಎಪಿ ಅಪಘಾತ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗ್ ಇದ್ದ ಪೋಲೋ 4 ಸ್ಟಾರ್ ಪಡೆಯಿತು. ಜಿಟಿ ಟಿಎಸ್‌ಐಗೆ ಇಎಸ್‌ಪಿ, ಅಂದರೆ ಕಾರು ಹಿಡಿತ ತಪ್ಪಿ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ ಕೂಡ ಇದೆ.

ಈಗ ಕಾರು ನೋಡುವ ವಿಷಯ. ಬೆಳಗ್ಗೆ ಹೋಗಿ, ಕಾರು ಸ್ಟಾರ್ಟ್ ಮಾಡಿಟ್ಟಿರಬೇಡಿ ಅಂತ ಮೊದಲೇ ಹೇಳಿ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡ್ ಕಿವಿಗೊಟ್ಟು ಕೇಳಿ. ಗಡಗಡ ಅಂತ ಲೋಹದ ಸದ್ದು ಬಂದರೆ ಟೈಮಿಂಗ್ ಚೈನ್ ಸಡಿಲವಾಗಿರಬಹುದು. ಆಮೇಲೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ರ‍್ಯಾಂಪ್ ಹುಡುಕಿ. ಅದರ ಮೇಲೆ ನಿಧಾನವಾಗಿ ರಿವರ್ಸಿನಲ್ಲಿ ಹತ್ತಿಸಿ, ತಿರುಗಿಸಿ ಮೊದಲ ಗಿಯರಿನಲ್ಲೂ ಹತ್ತಿಸಿ. ಹೀಗೆ ಮಾಡಿದರೆ ಎರಡೂ ಕ್ಲಚ್ ಪರೀಕ್ಷೆ ಆಗುತ್ತದೆ. ಕಾರು ಅದುರಿದರೆ, ಮಾಲೀಕರು ‘ಡಿಎಸ್‌ಜಿ ಅಂದ್ರೆ ಹಂಗೇ ಸರ್’ ಅಂದರೂ ನಂಬಬೇಡಿ. ಆರೋಗ್ಯವಾಗಿರುವ ಡಿಎಸ್‌ಜಿ ಅದುರುವುದಿಲ್ಲ. ನೇರ ಶೋರೂಮಿನ ಚೆಕಪ್‌ಗಿಂತ ಈ ಬ್ರಾಂಡ್ ಮಾತ್ರ ಮಾಡುವ ಗ್ಯಾರೇಜಿಗೆ ಒಯ್ದು ವಿಸಿಡಿಎಸ್ ಹಾಕಿಸಿ, ಅದು ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್. ಅಳಿಸಿದ ಎರರ್ ಕೋಡ್‌ಗಳು ಟೆಸ್ಟ್ ಡ್ರೈವ್ ಮುಗಿಯುವ ಹೊತ್ತಿಗೆ ಮತ್ತೆ ಬಂದಿರಬಹುದು, ಹಾಗಾಗಿ ಸ್ಕ್ಯಾನ್ ಕೊನೆಯಲ್ಲಿ ಮಾಡಿಸಿ. ಕ್ಲಚ್ ಎಷ್ಟು ಬಿಸಿಯಾಗಿತ್ತು, ಎಷ್ಟು ಸವೆದಿದೆ ಅನ್ನುವುದರ ಅಂದಾಜೂ ಅದರಲ್ಲೇ ಸಿಗುತ್ತದೆ. ಹಿಂದಿನವರು ರೀಮ್ಯಾಪ್ ಮಾಡಿಸಿದ್ದಾರಾ, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸಿದ್ದಾರಾ ಅಂತ ನೇರವಾಗಿ ಕೇಳಿ. ಮಾಡಿಸಿದ ಕಾರು ಎಷ್ಟೇ ಚೆನ್ನಾಗಿ ಓಡಲಿ, ದಿನದ ಬಳಕೆಗೆ ನಾನು ತಗೊಳ್ಳುವುದಿಲ್ಲ.

ನೀರು ಕುಡಿದ ಕಾರು ಅಲ್ಲ ಅಂತಲೂ ಖಚಿತ ಮಾಡಿಕೊಳ್ಳಿ. 2022ರ ಸೆಪ್ಟೆಂಬರ್ ಮಳೆಗೆ ನಿಮ್ಮ ಆಫೀಸ್ ಸುತ್ತಮುತ್ತಲೇ ಎಷ್ಟೋ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೊನೆಯ ಭಾಗದಲ್ಲಿ ಮಣ್ಣಿನ ಕಲೆ ಇದೆಯಾ ನೋಡಿ. ಕಾರ್ಪೆಟ್ ಎತ್ತಿ, ಸೀಟಿನ ಕೆಳಗಿನ ಬೋಲ್ಟ್‌ಗಳು ತುಕ್ಕು ಹಿಡಿದಿವೆಯಾ ನೋಡಿ.

ಕಾಗದಪತ್ರದಲ್ಲಿ ಒಂದೇ ವಿಷಯಕ್ಕೆ ಒತ್ತು ಕೊಡುತ್ತೇನೆ: ಕೆಎ ನಂಬರ್ ಇರುವ ಕಾರನ್ನೇ ಹುಡುಕಿ. ದೆಹಲಿಯಲ್ಲಿ ಹಳೇ ಕಾರುಗಳ ಮೇಲೆ ನಿರ್ಬಂಧ ಇರುವುದರಿಂದ ಅಲ್ಲಿಂದ ಅಗ್ಗಕ್ಕೆ ಬರುತ್ತವೆ. ಆದರೆ ಎನ್‌ಒಸಿ ತರಿಸಿ, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಕಾರಿನ ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಯುತ್ತದೆ, ನಿಜ. ಆದರೆ ಕರ್ನಾಟಕದ ತೆರಿಗೆ ದರವೇ ಜಾಸ್ತಿ, ಆರ್‌ಟಿಒ ಓಡಾಟ ಬೇರೆ. ಅಗ್ಗ ಅನ್ನಿಸಿದ್ದು ಅಲ್ಲಿಗೆ ಮುಗಿಯಿತು. ಬಾಕಿ ಟ್ರಾಫಿಕ್ ದಂಡ ಎಷ್ಟಿದೆ ನೋಡಿ, ಕಟ್ಟಿಸಿ ಆಮೇಲೆ ದುಡ್ಡು ಕೊಡಿ. ಹಿಂದಿನವರ ನೋ ಕ್ಲೈಮ್ ಬೋನಸ್ ನಿಮಗೆ ಬರುವುದಿಲ್ಲ, ಇನ್ಶೂರೆನ್ಸ್ ಲೆಕ್ಕ ಹಾಕುವಾಗ ಅದು ನೆನಪಿರಲಿ. ಇಷ್ಟು ಹಳೇ ಕಾರಿಗೆ ಬಹಳಷ್ಟು ಕಂಪನಿಗಳು ಜೀರೋ ಡೆಪ್ (ಭಾಗಗಳ ಸವಕಳಿ ಕಡಿತವಿಲ್ಲದ ವಿಮೆ) ಕೊಡುವುದಿಲ್ಲ.

ದಿನದ ಖರ್ಚು ಹೇಳುತ್ತೇನೆ. ನಿಮ್ಮ ದಾರಿಯಲ್ಲಿ ಲೀಟರ್‌ಗೆ 9–10 ಕಿಲೋಮೀಟರ್ ಅಂದುಕೊಳ್ಳಿ, ಮೈಸೂರು ಹೆದ್ದಾರಿಯಲ್ಲಿ 15ರ ಮೇಲೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್, 2015ರ ಕಾರು ಅದಕ್ಕೆ ಅಂತ ತಯಾರಾದದ್ದಲ್ಲ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದರಷ್ಟು ಶಕ್ತಿ ಕಮ್ಮಿ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಅದಕ್ಕಿಂತ ಮುಖ್ಯ ರಬ್ಬರ್ ಪೈಪ್‌ಗಳು. ಪ್ರತಿ ಸರ್ವಿಸ್‌ನಲ್ಲೂ ಫ್ಯೂಯಲ್ ಲೈನ್ ಕಣ್ಣಲ್ಲೇ ನೋಡಿಸಿ. ವಾರಗಟ್ಟಲೆ ಕಾರು ನಿಲ್ಲಿಸಿ ಬಿಡಬೇಡಿ, ಎಥನಾಲ್ ತೇವ ಎಳೆದುಕೊಳ್ಳುತ್ತದೆ. ಆಯಿಲ್ ವಿಷಯದಲ್ಲಿ ಉಳಿತಾಯ ಬೇಡ, ಆಯಿಲ್ ಡಬ್ಬಿಯ ಮೇಲೆ ವಿಡಬ್ಲ್ಯೂ 502 00 ಅನ್ನುವ ಫೋಕ್ಸ್‌ವ್ಯಾಗನ್ ಮಾನದಂಡದ ಗುರುತು ಇರಲೇಬೇಕು. ಕಂಪನಿ ಹೇಳಿದ ಗಡುವಿಗಿಂತ ಬೇಗನೆ ಬದಲಾಯಿಸಿ, ನಮ್ಮ ಟ್ರಾಫಿಕ್ಕಿನಲ್ಲಿ ಕಿಲೋಮೀಟರ್ ಓಡದಿದ್ದರೂ ಎಂಜಿನ್ ಗಂಟೆಗಟ್ಟಲೆ ಓಡಿರುತ್ತದೆ. ಗುಂಡಿಗಳಿಂದ ಲಿಂಕ್ ರಾಡ್, ಬುಷ್‌ಗಳು ಹೋಗುತ್ತಲೇ ಇರುತ್ತವೆ, ಅದು ಎಲ್ಲ ಕಾರಿಗೂ ಇದ್ದದ್ದೇ. ದೊಡ್ಡ ಅಲಾಯ್ ಹಾಕಿಸುವ ಆಸೆ ಬಂದರೆ ತಡೆದುಕೊಳ್ಳಿ. ಟಯರಿನ ಗೋಡೆ ಸಣ್ಣದಾದಷ್ಟೂ ಗುಂಡಿಗೆ ಬಿದ್ದಾಗ ಬೇಗ ಉಬ್ಬುತ್ತದೆ.

ಮಳೆಗಾಲದಲ್ಲಿ ಅಂಡರ್‌ಪಾಸಿಗೆ ಇಳಿಯಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಒಬ್ಬ ಯುವತಿ ಪ್ರಾಣ ಕಳೆದುಕೊಂಡರು. ಯಾವ ಕಾರೇ ಆಗಲಿ ಅದೇ ನಿಯಮ. ನೀರಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇಳಿದು ತಳ್ಳಿಸಿ, ಟೋ ಮಾಡಿಸಿ.

ಬಜೆಟ್ ಪೂರ್ತಿ ಕಾರಿಗೇ ಸುರಿಯಬೇಡಿ. ಕಾಲು ಭಾಗ ಬ್ಯಾಂಕಿನಲ್ಲೇ ಇರಲಿ. ತಗೊಂಡ ತಿಂಗಳಲ್ಲೇ ಎಲ್ಲ ಆಯಿಲ್, ಬ್ರೇಕ್ ಫ್ಲೂಯಿಡ್, ಕೂಲೆಂಟ್, ಸ್ಪಾರ್ಕ್ ಪ್ಲಗ್, ಫಿಲ್ಟರ್‌ಗಳು, ಬೇಕಿದ್ದರೆ ಟಯರ್, ಇಷ್ಟು ಮಾಡಿಸಿ. ಉಳಿದದ್ದು ಕ್ಲಚ್ಚಿಗೆ ಅಂತ ಎತ್ತಿಡಿ.

ಟೆಸ್ಟ್ ಡ್ರೈವ್‌ಗೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಕೂರಿಸಿ. ಪೋಲೋದಲ್ಲಿ ಹಿಂದೆ ಕಾಲಿಗೆ ಜಾಗ ಕಮ್ಮಿ, ಬಲೆನೋದಲ್ಲಿ ಧಾರಾಳ. ಹಬ್ಬ ಹುಣ್ಣಿಮೆಗೆ ಎಲ್ಲರೂ ಸೇರಿ ಊರಿಗೆ ಹೋಗುವ ಮನೆಯಾದರೆ, ನನಗೆ ಪೋಲೋ ಎಷ್ಟೇ ಇಷ್ಟ ಇದ್ದರೂ, ನಿಮಗೆ ಆರ್‌ಎಸ್ ಸರಿ ಅನ್ನುತ್ತೇನೆ.